ಕೇಳಿಸಿಕೊಂಡ ಮೇಲೆಯೇ ಒಟಿಪಿ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಮಂಗಳೂರು, ಉಡುಪಿ ಕಡೆಯ ಸಹಕಾರಿ ಸಂಘಗಳು ಸಾಲಪತ್ರವನ್ನು ಕಾಗದದಿಂದ ಕಂಪ್ಯೂಟರಿಗೆ ದಾಟಿಸುತ್ತಿವೆ. ಆಧಾರ್ ಆಧಾರಿತ ಇ-ಸೈನ್ ಬಂದ ಮೇಲೆ ಸಾಲಗಾರರು ಪುಟ ಪುಟಕ್ಕೂ ಸಹಿ ಹಾಕುತ್ತಾ ಕೂರಬೇಕಿಲ್ಲ. ಮೊಬೈಲಿಗೆ ಬಂದ ಆರಂಕಿಯ ಒಟಿಪಿ ಒತ್ತಿದರೆ ಮುಗಿಯಿತು. ಈಗ ಅದಕ್ಕೆ ಇನ್ನೊಂದು ಅನುಕೂಲ ಸೇರಿಕೊಂಡಿದೆ: ಪತ್ರದಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ ಕಂಪ್ಯೂಟರ್ ಧ್ವನಿ. ಓದು ಬಾರದವರಿಗೆ, ಕಣ್ಣು ಮಂಜಾದ ಹಿರಿಯರಿಗೆ, ದೃಷ್ಟಿದೋಷ ಇರುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಧ್ವನಿ ಮತ್ತು ಸಹಿ ಇವೆರಡನ್ನು ಯಾವ ಕ್ರಮದಲ್ಲಿ, ಯಾವ ಗಂಟಿನಿಂದ ಜೋಡಿಸಿದ್ದಾರೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಆಡಳಿತ ಮಂಡಳಿಗಳು ಇಂಥ ತಂತ್ರಾಂಶಕ್ಕೆ ಒಪ್ಪಿಗೆ ಕೊಡುವ ಮೊದಲು ನೋಡಿಕೊಳ್ಳಬೇಕಾದ ಸಂಗತಿಗಳನ್ನು ಈ ಕೆಲಸ ಬಲ್ಲವರಾಗಿ ಇಲ್ಲಿ ಬರೆಯುತ್ತಿದ್ದೇವೆ.

ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಈ ನೆಲದಲ್ಲಿ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿ ಶುರುವಾದದ್ದೂ ಉಡುಪಿಯಲ್ಲೇ. ಪಿಗ್ಮಿ ಸಂಗ್ರಹಕ್ಕೆ ಬರುವವರು ಜಗಲಿಯಲ್ಲಿ ಕೂತು ಲೆಕ್ಕವನ್ನು ಬಾಯಲ್ಲಿ ಹೇಳುತ್ತಿದ್ದರು, ಜನ ಕೇಳಿ ಒಪ್ಪುತ್ತಿದ್ದರು. ದಸ್ತಾವೇಜು ಬರೆಯುವವರೂ ಓದಿ ಹೇಳಿ, ಒಪ್ಪಿಸಿ, ಆಮೇಲೆ ಸಹಿ ತೆಗೆದುಕೊಳ್ಳುತ್ತಿದ್ದರು. ಇ-ಸೈನ್ ಬಂದಾಗ ಕಳೆದುಹೋದದ್ದು ಈ ‘ಓದಿ ಹೇಳುವ’ ಹಂತ. ಅದನ್ನು ಯಂತ್ರದಿಂದ ವಾಪಸ್ ತರಲು ಸಾಧ್ಯ.

ಮೊದಲು ಇ-ಸೈನ್ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು. ಸಂಘದ ತಂತ್ರಾಂಶ ಪಿಡಿಎಫ್ ಕಡತದಿಂದ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ 64 ಅಕ್ಷರ-ಅಂಕಿಗಳ ಗುರುತೊಂದನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಪತ್ರದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಪತ್ರ ಸಂಘದಲ್ಲೇ ಉಳಿದು, ಈ ಹ್ಯಾಶ್ ಮಾತ್ರ ಸರ್ಕಾರದ ಪರವಾನಗಿ ಪಡೆದ ಇ-ಸೈನ್ ಸಂಸ್ಥೆಗೆ ಹೋಗುತ್ತದೆ. ಅಲ್ಲಿ ಒಟಿಪಿ ಪರೀಕ್ಷೆಯಾದ ಮೇಲೆ ಸಾಲಗಾರರ ಹೆಸರಿನಲ್ಲಿ 30 ನಿಮಿಷ ಮಾತ್ರ ಬಾಳುವ ಪ್ರಮಾಣಪತ್ರ ಹುಟ್ಟುತ್ತದೆ, ಸಹಿ ಬೀಳುತ್ತದೆ, ಸಹಿಗೆ ಬಳಸಿದ ಖಾಸಗಿ ಕೀಲಿಯನ್ನು ಅಲ್ಲೇ ಅಳಿಸಲಾಗುತ್ತದೆ. ಅಂದರೆ ಸಹಿ ಅಂಟಿಕೊಳ್ಳುವುದು ಹ್ಯಾಶಿಗೆ. ಧ್ವನಿ ಏನನ್ನು ಓದಿತು ಎಂಬುದು ಈ ವ್ಯವಸ್ಥೆಗೆ ಗೊತ್ತೇ ಇರುವುದಿಲ್ಲ. ಗೊತ್ತಾಗುವ ಹಾಗೆ ನಾವೇ ಮಾಡಬೇಕು.

ಇಲ್ಲಿ ಮೊದಲ ತಪ್ಪು ಕ್ರಮದ್ದು. ಆಧಾರ್ ಒಟಿಪಿಯ ಆಯಸ್ಸು 10 ನಿಮಿಷ. ಹಲವು ತಂತ್ರಾಂಶಗಳು ಫೈಲ್ ತೆರೆದ ಕೂಡಲೇ ಒಟಿಪಿ ಕಳಿಸಿ, ಅದು ಬರುವಷ್ಟರಲ್ಲಿ ಧ್ವನಿ ಶುರು ಮಾಡುತ್ತವೆ. ಆರು ನಿಮಿಷದ ಓದು, ನಡುವೆ ಎರಡು ಪ್ರಶ್ನೆ, ಒಂದು ಫೋನ್ ಕರೆ ಬಂದರೆ ಒಟಿಪಿ ಸತ್ತಿರುತ್ತದೆ. ಹಾಗಾಗಬಾರದೆಂದು ಕೌಂಟರಿನ ಸಿಬ್ಬಂದಿ ಓದು ಮುಗಿಯುವ ಮೊದಲೇ ಒಟಿಪಿ ಕೇಳಿ ತಾವೇ ಒತ್ತಿಬಿಡುತ್ತಾರೆ. ಸಿಬ್ಬಂದಿಯನ್ನು ದೂರಿ ಫಲವಿಲ್ಲ, ತಂತ್ರಾಂಶವೇ ಅವರನ್ನು ಆ ದಾರಿಗೆ ತಳ್ಳುತ್ತದೆ. ಓದು ಕೊನೆಯವರೆಗೆ ಮುಗಿದಿದೆ ಎಂಬ ಸಂಕೇತ ಸರ್ವರಿಗೆ ತಲುಪುವವರೆಗೆ ಒಟಿಪಿಯ ಬೇಡಿಕೆ ಹೊರಡಲೇಬಾರದು. ಗುಂಡಿಯನ್ನು ಪರದೆಯಲ್ಲಿ ಮಸುಕು ಮಾಡಿಟ್ಟರೆ ಸಾಲದು, ಈ ತಡೆ ಸರ್ವರಿನಲ್ಲೇ ಇರಬೇಕು.

ಎರಡನೆಯದು, ಧ್ವನಿಗೆ ಪಠ್ಯ ಎಲ್ಲಿಂದ ಸಿಗುತ್ತದೆ ಎಂಬುದು. ಪಿಡಿಎಫ್‌ನಿಂದಲೇ ಅಕ್ಷರ ಎತ್ತಿ ಓದಿಸುವುದು ಸುಲಭವೆಂದು ಕಾಣುತ್ತದೆ. ಕನ್ನಡದಲ್ಲಿ ಅದು ಕೈಕೊಡುತ್ತದೆ. ಸಂಘಗಳ ಹಳೆಯ ನಮೂನೆಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಇರುತ್ತವೆ. ಪರದೆಯ ಮೇಲೆ ಅಚ್ಚ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಧ್ವನಿಯಂತ್ರ ಅದನ್ನೇ ಓದುತ್ತದೆ. ಯೂನಿಕೋಡ್ ಪಿಡಿಎಫ್ ಆದರೂ ಒತ್ತಕ್ಷರ, ಕೊಂಬು, ಅರ್ಕಾವತ್ತುಗಳನ್ನು ಚಿತ್ರವಾಗಿ ಕೂಡಿಸಿಟ್ಟಿರುವುದರಿಂದ ವಾಪಸ್ ಎತ್ತುವಾಗ ಕ್ರಮ ತಪ್ಪುವುದುಂಟು. ಸರಿಯಾದ ದಾರಿ ಒಂದೇ: ಸಾಲದ ಮಾಹಿತಿಯನ್ನು ಒಂದು ಕಡೆ ಇಟ್ಟು, ಅದೇ ಮಾಹಿತಿಯಿಂದ ಒಂದೇ ಹೊತ್ತಿಗೆ ಪಿಡಿಎಫ್ ಅನ್ನೂ ಓದುಪಠ್ಯವನ್ನೂ ಹುಟ್ಟಿಸುವುದು. ನಮೂನೆಗಳನ್ನು ಒಮ್ಮೆ ಕೂತು ಯೂನಿಕೋಡಿಗೆ ಬದಲಿಸಿ, ಸಾಲು ಸಾಲಾಗಿ ಕಣ್ಣಿನಿಂದ ತಾಳೆ ನೋಡಬೇಕು. ಇದಕ್ಕೆ ಅಡ್ಡದಾರಿಯಿಲ್ಲ.

ಓದುಪಠ್ಯ ಅಂದರೆ ಮುದ್ರಿತ ಪಠ್ಯದ ನಕಲಲ್ಲ. ಪತ್ರದ ಒಂದು ಸಾಲು ನೋಡಿ: “ರೂ. 1,50,000/- ಸಾಲ, ಶೇ. 11.25 ಬಡ್ಡಿ, 36 ಕಂತು, ಕಂತಿಗೆ ರೂ. 4,929, ಸ.ನಂ. 142/2ಎ1, ವಿಸ್ತೀರ್ಣ 0.35”. ಇದನ್ನು ಹಾಗೇ ಕೊಟ್ಟರೆ ಯಂತ್ರ ‘ರೂ.’ ಬಳಿ ವಾಕ್ಯ ಮುಗಿಯಿತೆಂದು ನಿಲ್ಲುತ್ತದೆ. ‘ಶೇ.’ ಬಳಿಯೂ ಅಷ್ಟೇ. ಲಕ್ಷದ ಅಲ್ಪವಿರಾಮ ತಿಳಿಯದ ಯಂತ್ರವಾದರೆ “ಒಂದು, ಐವತ್ತು, ಸೊನ್ನೆ ಸೊನ್ನೆ ಸೊನ್ನೆ” ಎನ್ನುತ್ತದೆ. 142/2 ಎಂಬುದನ್ನು ಭಿನ್ನರಾಶಿಯೆಂದು ತಿಳಿಯುವ ಯಂತ್ರಗಳಿವೆ. ಆದ್ದರಿಂದ ಧ್ವನಿಗೆ ಕೊಡುವ ಮುನ್ನ ಎಲ್ಲ ಅಂಕಿಗಳನ್ನೂ ಪದಗಳಲ್ಲಿ ಬಿಡಿಸಿ ಬರೆಯಬೇಕು: “ಸಾಲದ ಮೊತ್ತ ಒಂದು ಲಕ್ಷದ ಐವತ್ತು ಸಾವಿರ ರೂಪಾಯಿ. ಬಡ್ಡಿ ಶೇಕಡಾ ಹನ್ನೊಂದೂಕಾಲು, ಅಂದರೆ ಹನ್ನೊಂದು ಪಾಯಿಂಟ್ ಎರಡು ಐದು. ಪ್ರತಿ ತಿಂಗಳು ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತೊಂಬತ್ತು ರೂಪಾಯಿಯಂತೆ ಮೂವತ್ತಾರು ತಿಂಗಳು ಕಟ್ಟಬೇಕು. ಒಟ್ಟು ಕಟ್ಟುವುದು ಒಂದು ಲಕ್ಷದ ಎಪ್ಪತ್ತೇಳು ಸಾವಿರದ ನಾನೂರ ನಲವತ್ತನಾಲ್ಕು ರೂಪಾಯಿ.” ಪ್ರತಿ ಮೊತ್ತದ ನಂತರ ಮುಕ್ಕಾಲು ಸೆಕೆಂಡಿನ ಬಿಡುವು ಇಟ್ಟರೆ ಕೇಳುವವರ ಮನಸ್ಸಿಗೆ ಅದು ಇಳಿಯುತ್ತದೆ.

ನೂರು ‘ನೂರ’ ಆಗುವುದು, ಸಾವಿರ ‘ಸಾವಿರದ’ ಆಗುವುದು ಬೇರೆ ಭಾಷೆಗೆಂದು ಬರೆದ ತಂತ್ರಾಂಶಕ್ಕೆ ಹೊಳೆಯುವುದಿಲ್ಲ. ಸಂಖ್ಯೆಯನ್ನು ಪದವಾಗಿಸುವ ಭಾಗವನ್ನು ಕನಿಷ್ಠ 100, 101, 1,000, 1,001, 19,019, 99,999, 1,00,000, 10,00,010, 1,00,00,000 ಈ ಸಂಖ್ಯೆಗಳಲ್ಲೂ 0.5, 10.5, 10.75 ಈ ದರಗಳಲ್ಲೂ ಪರೀಕ್ಷಿಸದೆ ಒಪ್ಪಬೇಡಿ. ಬಿನ್, ಕೋಂ, ದಿ., ಮೊ. ಮುಂತಾದ ಸಂಕ್ಷೇಪಗಳಿಗೆ ಸಂಘವೇ ಒಂದು ಪಟ್ಟಿ ಮಾಡಿಕೊಡಬೇಕು. ಖಾತೆ ಸಂಖ್ಯೆಯನ್ನು ಕೋಟಿ-ಲಕ್ಷದಲ್ಲಿ ಓದದೆ ನಾಲ್ಕು ನಾಲ್ಕು ಅಂಕಿಯಾಗಿ ಬಿಡಿಸಿ ಓದಬೇಕು.

ವಿಸ್ತೀರ್ಣದ ವಿಚಾರ ಬೇರೆಯೇ ಹೇಳಬೇಕು, ಏಕೆಂದರೆ ಇದು ನಮ್ಮ ಕರಾವಳಿಯದೇ ತೊಡಕು. ಬೆಂಗಳೂರಿನಲ್ಲಿ ತಯಾರಾದ ತಂತ್ರಾಂಶ 0.35 ಎಂಬುದನ್ನು ಮೂವತ್ತೈದು ಗುಂಟೆ ಎಂದು ಓದುವ ಹಾಗೆ ಬರೆದಿರಬಹುದು. ನಮ್ಮಲ್ಲಿ ಅದು ಮೂವತ್ತೈದು ಸೆಂಟ್ಸ್. ಎಕರೆಗೆ 40 ಗುಂಟೆ, 100 ಸೆಂಟ್ಸ್. ಮೂವತ್ತೈದು ಗುಂಟೆ ಅಂದರೆ ಎಂಬತ್ತೇಳೂವರೆ ಸೆಂಟ್ಸ್! ಅಡವು ಇಟ್ಟ ಜಾಗ ಎರಡೂವರೆ ಪಟ್ಟು ಆಗಿ ಕಿವಿಗೆ ಬಿದ್ದರೆ ಸಾಲಗಾರರು ಯಾವುದಕ್ಕೆ ಒಪ್ಪಿದ ಹಾಗಾಯಿತು? ಅಳತೆಯ ಹೆಸರನ್ನು ಮಾಹಿತಿಯಲ್ಲೇ ಬರೆದಿಡಬೇಕು, ಯಂತ್ರದ ಊಹೆಗೆ ಬಿಡಬಾರದು.

ಇದಕ್ಕಿಂತ ಅಪಾಯದ್ದು, ಆದರೆ ಯಾರ ಕಣ್ಣಿಗೂ ಬೀಳದ್ದು ಇನ್ನೊಂದಿದೆ. ಧ್ವನಿ ಸೇವೆಗಳಿಗೆ ಒಂದು ಸಲಕ್ಕೆ ಇಷ್ಟೇ ಪಠ್ಯ ಎಂಬ ಮಿತಿ ಇರುತ್ತದೆ, 5,000 ಬೈಟ್ (ಕಂಪ್ಯೂಟರಿನಲ್ಲಿ ಪಠ್ಯದ ಗಾತ್ರ ಅಳೆಯುವ ಮಾನ) ಎಂಬ ಮಿತಿ ಸಾಮಾನ್ಯ. ಇಂಗ್ಲಿಷಿನಲ್ಲಿ ಅದು ಎರಡು ಪುಟ. ಯೂನಿಕೋಡ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ‘ಕ್ಷೇ’ ಎಂಬ ಒಂದೇ ಅಕ್ಷರಕ್ಕೆ 12. ಹಾಗಾಗಿ ಸುಮಾರು 200 ಪದಕ್ಕೆ ಮಿತಿ ಮುಗಿಯುತ್ತದೆ. ಆಗ ತಂತ್ರಾಂಶ ಪಠ್ಯವನ್ನು ತುಂಡು ಮಾಡಿ, ತುಂಡು ತುಂಡಾಗಿ ಓದಿಸಿ, ಆಮೇಲೆ ಅಂಟಿಸುತ್ತದೆ. ತುಂಡು ಎಲ್ಲಿ ಬೀಳುತ್ತದೆ ಎಂಬುದೇ ಪ್ರಶ್ನೆ. ಕನ್ನಡದಲ್ಲಿ ‘ಇಲ್ಲ’ ‘ಅಲ್ಲ’ಗಳು ವಾಕ್ಯದ ಕೊನೆಯಲ್ಲಿ ಬರುತ್ತವೆ. “ಅವಧಿಗೆ ಮುನ್ನ ಸಾಲ ತೀರಿಸಿದಲ್ಲಿ ದಂಡಶುಲ್ಕ ವಿಧಿಸುವ ಅಧಿಕಾರ ಸಂಘಕ್ಕೆ” ಎಂಬಲ್ಲಿಗೆ ಒಂದು ತುಂಡು ಮುಗಿದು, “ಇರುವುದಿಲ್ಲ” ಎಂಬುದು ಮುಂದಿನ ತುಂಡಿಗೆ ಹೋಯಿತೆನ್ನಿ. ನೆಟ್‌ವರ್ಕ್ ತಪ್ಪಿ ಆ ಎರಡನೇ ತುಂಡು ಬರದೆ ಹೋದರೆ, ತಂತ್ರಾಂಶ ಅದನ್ನು ಬಿಟ್ಟು ಮುಂದಿನದನ್ನು ಅಂಟಿಸಿದರೆ, ಕೇಳುವವರಿಗೆ ಅರ್ಥ ತಿರುಗಾಮುರುಗಾ. ಪೂರ್ಣವಿರಾಮದಲ್ಲಿ ಮಾತ್ರ ತುಂಡರಿಸಬೇಕು. ಎಷ್ಟು ತುಂಡು ಕಳಿಸಿದೆವೋ ಅಷ್ಟೂ ಬಂದಿವೆಯೇ ಎಂದು ಎಣಿಸಬೇಕು. ಒಂದು ಕಡಿಮೆಯಾದರೂ ಆ ಧ್ವನಿಯನ್ನು ಪೂರ್ತಿ ಎಸೆದು ಹೊಸದಾಗಿ ಮಾಡಬೇಕು. ಸಾಧ್ಯವಾದರೆ ವಾಕ್ಯಗಳನ್ನೇ ಚಿಕ್ಕದು ಮಾಡಿ. ‘ತಕ್ಕದ್ದು’ಗಳಿಂದ ತುಂಬಿದ ಅರ್ಧಪುಟದ ವಾಕ್ಯ ಮನುಷ್ಯರು ಓದಿದರೂ ಅರ್ಥವಾಗುವುದಿಲ್ಲ.

ಇಡೀ ಪತ್ರ ಓದಿಸುವುದೇ ನ್ಯಾಯ ಎಂದು ಕೆಲವರು ವಾದಿಸುತ್ತಾರೆ. ನಿಮಿಷಕ್ಕೆ ನೂರು ಪದದ ಹದದಲ್ಲಿ 4,000 ಪದದ ಪತ್ರಕ್ಕೆ 40 ನಿಮಿಷ ಬೇಕು. ಯಾರೂ ಕೇಳುವುದಿಲ್ಲ, ಫೋನು ಮೇಜಿನ ಮೇಲೆ ಮಾತಾಡುತ್ತಾ ಇರುತ್ತದೆ ಅಷ್ಟೆ. ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಉತ್ತರವಿದೆ. 2024ರ ಏಪ್ರಿಲ್ 15ರ ಸುತ್ತೋಲೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಬ್ಯಾಂಕುಗಳು ‘ಮುಖ್ಯಾಂಶ ಪತ್ರ’ ಕೊಡಬೇಕು. ಬಡ್ಡಿ, ಶುಲ್ಕ, ಎಲ್ಲ ಖರ್ಚು ಸೇರಿದ ವಾರ್ಷಿಕ ದರ, ಕಂತಿನ ಪಟ್ಟಿ ಅದರಲ್ಲಿರಬೇಕು. ಅದು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅವರಿಗೆ ವಿವರಿಸಬೇಕು, ಅರ್ಥವಾಯಿತೆಂಬ ಒಪ್ಪಿಗೆ ಪಡೆಯಬೇಕು. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಈ ಸುತ್ತೋಲೆ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಿಗೂ ಅನ್ವಯ. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿಲ್ಲ, ಆದರೂ ಅವು ಇದೇ ನಮೂನೆಯನ್ನು ತಾವಾಗಿ ಅನುಸರಿಸಲು ಅಡ್ಡಿಯೇನು? ಮುಖ್ಯಾಂಶ 400-500 ಪದದೊಳಗೆ ಮುಗಿಯುತ್ತದೆ, ಓದಲು ಐದು ನಿಮಿಷ ಸಾಕು. ಉಳಿದ ಷರತ್ತುಗಳನ್ನು ಬೇಕೆಂದಾಗ ಕೇಳುವ ಹಾಗೆ ಅಧ್ಯಾಯ ಅಧ್ಯಾಯವಾಗಿ ಬಿಡಿಸಿಡಬಹುದು.

ಜಾಮೀನುದಾರರಿಗೆ ಮಾತ್ರ ಬೇರೆಯೇ ಧ್ವನಿಪಾಠ ಬೇಕು. ಅವರು ಸಾಲಗಾರರ ಪಕ್ಕದಲ್ಲಿ ಕೂತು ಅದೇ ಆಡಿಯೊ ಕೇಳಿ ಸಹಿ ಹಾಕಿ ಎದ್ದು ಹೋಗುವುದನ್ನು ಎಲ್ಲ ಕಡೆ ಕಾಣಬಹುದು. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ. “ಸಾಲಗಾರರು ಕಟ್ಟದಿದ್ದರೆ ಪೂರ್ತಿ ಬಾಕಿಯನ್ನು, ಬಡ್ಡಿ ಸಮೇತ, ನಿಮ್ಮಿಂದ ವಸೂಲಿ ಮಾಡಬಹುದು” ಎಂಬ ಒಂದು ವಾಕ್ಯ ಅವರ ಹೆಸರು ಹಿಡಿದು ಅವರ ಕಿವಿಗೇ ಬೀಳಬೇಕು. ಮೂವರು ಸಹಿ ಮಾಡುವುದಿದ್ದರೆ ಮೂರು ಬೇರೆ ಕೊಂಡಿ, ಮೂರು ಬೇರೆ ಕೇಳ್ವಿಕೆಯ ದಾಖಲೆ.

ಇನ್ನು ಧ್ವನಿಯನ್ನು ಪತ್ರಕ್ಕೆ ಕಟ್ಟುವ ಗಂಟು. ಮೊದಲು ಓದುಪಠ್ಯ ಅಂತಿಮವಾಗಬೇಕು, ಅದರಿಂದ ಧ್ವನಿ ಕಡತ, ಆ ಕಡತದ ಹ್ಯಾಶ್. ಆ ಹ್ಯಾಶನ್ನು ಪಿಡಿಎಫ್‌ನ ಕೊನೆಯ ಪುಟದಲ್ಲಿ ಅಚ್ಚು ಹಾಕಿ, ಇ-ಸ್ಟಾಂಪ್ ಪುಟವನ್ನೂ ಸೇರಿಸಿ, ಆಮೇಲೆ ಪಿಡಿಎಫ್‌ನ ಹ್ಯಾಶ್ ತೆಗೆದು ಸಹಿಗೆ ಕಳಿಸಬೇಕು. ಹೀಗೆ ಮಾಡಿದರೆ ಸಹಿಯು ಧ್ವನಿಯನ್ನೂ ಒಳಗೊಳ್ಳುತ್ತದೆ, ನಾಳೆ ಯಾರೂ ಬೇರೆ ಆಡಿಯೊ ತಂದು “ಇದನ್ನೇ ಕೇಳಿಸಿದ್ದು” ಎನ್ನಲಾರರು. ಸಹಿಯಾದ ಮೇಲೆ ಆಡಿಯೊವನ್ನೋ ಸ್ಟಾಂಪನ್ನೋ ಪಿಡಿಎಫ್‌ಗೆ ತುರುಕಿದರೆ ಸಹಿಯೇ ಕೆಟ್ಟಂತೆ ತೋರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲೂ ಹ್ಯಾಶ್ ನಮೂದಿಸಬೇಕಿರುವುದರಿಂದ ಇದು ಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಹೆಚ್ಚು ಸಲ ಎಡವುವುದು ಇಲ್ಲೇ: ಧ್ವನಿ ಕಡತವನ್ನು ಸಾಲದ ಸಂಖ್ಯೆಯ ಹೆಸರಿನಲ್ಲಿ ಉಳಿಸಿಡುತ್ತಾರೆ. ಆಮೇಲೆ ಮ್ಯಾನೇಜರು ಬಡ್ಡಿಯನ್ನು 11.25ರಿಂದ 12ಕ್ಕೆ ತಿದ್ದುತ್ತಾರೆ. ಪಿಡಿಎಫ್ ಹೊಸದು, ಧ್ವನಿ ಹಳೆಯದು. ಕೇಳಿದ್ದು ಹನ್ನೊಂದೂಕಾಲು, ಸಹಿ ಬಿದ್ದದ್ದು ಹನ್ನೆರಡಕ್ಕೆ. ಕಡತದ ಹೆಸರು ಓದುಪಠ್ಯದ ಹ್ಯಾಶ್ ಆಗಿದ್ದರೆ ಈ ಅನಾಹುತ ತಾನಾಗಿ ತಪ್ಪುತ್ತದೆ. ಒಂದು ಅಂಕಿ ತಿದ್ದಿದರೂ ಹಳೆಯ ಕೇಳ್ವಿಕೆ ರದ್ದಾಗಿ ಮತ್ತೆ ಮೊದಲಿಂದ ಕೇಳಿಸಬೇಕು.

ಆಡಿಯೊ ಕೊನೆಮುಟ್ಟಿತು ಎಂದ ಮಾತ್ರಕ್ಕೆ ಕೇಳಿದ್ದಾರೆಂದಲ್ಲ. ಫೋನು ಮೌನದಲ್ಲಿರಬಹುದು, ಕೌಂಟರಿನಲ್ಲಿ ಗದ್ದಲವಿರಬಹುದು. ಕೊನೆಯಲ್ಲಿ ಎರಡು ಪ್ರಶ್ನೆ ಧ್ವನಿಯಲ್ಲೇ ಕೇಳಿ: ತಿಂಗಳಿಗೆ ಎಷ್ಟು ಕಟ್ಟಬೇಕು, ಎಷ್ಟು ತಿಂಗಳು. ಉತ್ತರ ಆರಿಸಲು ಮೂರು ದೊಡ್ಡ ಗುಂಡಿ ಕೊಡಿ. ತಪ್ಪಾದರೆ ಆ ಭಾಗ ಮತ್ತೆ ಓದಲಿ. ಎರಡನೇ ಸಲವೂ ತಪ್ಪಾದರೆ ಅಂದು ಸಹಿ ಬೇಡ, ಸಿಬ್ಬಂದಿ ಕೂತು ವಿವರಿಸಲಿ. ಕಣ್ಣು ಕಾಣದವರಿಗೆ ಗುಂಡಿಗಳು ಟಾಕ್‌ಬ್ಯಾಕ್‌ನಲ್ಲಿ (ಪರದೆಯಲ್ಲಿರುವುದನ್ನು ಓದಿ ಹೇಳುವ ಫೋನಿನ ಸೌಲಭ್ಯ) ಓದಿಸಿಕೊಳ್ಳುವಂತಿರಬೇಕು. ಡಿಜಿಟಲ್ ಸೇವೆ ಅಂಗವಿಕಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿಗೆ ಸೇರಿದ್ದೆಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿದೆ.

ತುಳುವಿನ ಪ್ರಶ್ನೆ ಬಂದೇ ಬರುತ್ತದೆ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದು ಕನ್ನಡದ ಧ್ವನಿಯಂತ್ರಕ್ಕೆ ಕೊಟ್ಟರೆ ‘ರಡ್ಡ್’ ಮುಂತಾದ ಪದಗಳ ಕೊನೆಯ ಸ್ವರ ಬರುವುದೇ ಇಲ್ಲ, ಕ್ರಿಯಾಪದಗಳು ಕೇಳುವವರಿಗೆ ಹಿಂಸೆಯಾಗುತ್ತವೆ. ಸದ್ಯಕ್ಕೆ ಒಳ್ಳೆಯ ಉಪಾಯವೆಂದರೆ ಬದಲಾಗದ ಷರತ್ತುಗಳನ್ನು ತುಳುವಿನಲ್ಲಿ ಚೆನ್ನಾಗಿ ಮಾತಾಡುವವರಿಂದ ಒಮ್ಮೆ ಧ್ವನಿಮುದ್ರಿಸಿ, ಮೊತ್ತ-ದರ-ದಿನಾಂಕ ಮಾತ್ರ ಕನ್ನಡದ ಯಂತ್ರಧ್ವನಿಯಲ್ಲಿ ನಡುನಡುವೆ ಸೇರಿಸುವುದು. ಕೊಂಕಣಿ, ಬ್ಯಾರಿಗೂ ಇದೇ ದಾರಿ. ಮ್ಯಾನೇಜರರ ಧ್ವನಿಯನ್ನು ಅನುಕರಿಸುವ ಯಂತ್ರಧ್ವನಿ ಮಾತ್ರ ಬೇಡವೇ ಬೇಡ. “ಇದು ಕಂಪ್ಯೂಟರ್ ಧ್ವನಿ” ಎಂದು ಮೊದಲೇ ಹೇಳಿಸಬೇಕು.

ಧ್ವನಿ ಸೇವೆಗೆ ಪಠ್ಯ ಕಳಿಸುವಾಗ ಸಾಲಗಾರರ ಹೆಸರು, ಖಾತೆ, ಸರ್ವೆ ನಂಬರು ಎಲ್ಲವೂ ಹೊರಗಿನ ಸರ್ವರಿಗೆ ಹೋಗುತ್ತವೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಇ-ಸೈನ್‌ನಲ್ಲಿ ಹ್ಯಾಶ್ ಮಾತ್ರ ಹೋಗುವಂತೆ ಜಾಗ್ರತೆ ಮಾಡಿದ್ದರೂ ಧ್ವನಿಯ ಬಾಗಿಲಿನಿಂದ ಪತ್ರವೇ ಹೊರಟುಹೋಗುತ್ತದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಕನ್ನಡ ಧ್ವನಿ ಮಾದರಿಗಳು ಮುಕ್ತವಾಗಿ ಸಿಗುತ್ತವೆ, ಅವನ್ನು ಸ್ವಂತ ಸರ್ವರಿನಲ್ಲೇ ನಡೆಸಬಹುದು. ಇಸ್ಪೀಕ್ ಎನ್‌ಜಿ ಎಂಬ ಮುಕ್ತ ಧ್ವನಿ ತಂತ್ರಾಂಶ ಇನ್ನೂ ಹಗುರ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ, ಆದರೆ ಅದರ ಲೋಹದಂಥ ಸ್ವರವನ್ನು ಹಿರಿಯರು ಐದು ನಿಮಿಷ ಕೇಳುವುದು ಕಷ್ಟ.

ಬೆಳ್ತಂಗಡಿ, ಸುಳ್ಯ, ಕಾರ್ಕಳದ ಒಳಭಾಗಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಐದು ನಿಮಿಷದ ಧ್ವನಿ ಕುಗ್ಗಿಸದ 16 ಕಿಲೊಹರ್ಟ್ಸ್ ವೇವ್ ಕಡತವಾದರೆ 9.6 ಎಂಬಿ, ಕುಗ್ಗಿಸಿದ 48 ಕೆಬಿಪಿಎಸ್ ಎಂಪಿ3 ಆದರೆ 1.8 ಎಂಬಿ. ಎರಡನೆಯದನ್ನೇ ಕೊಡಿ, ಪೂರ್ತಿ ಇಳಿದ ಮೇಲೆಯೇ ಓದು ಶುರುವಾಗಲಿ. ಸಹಿಯ ನಡುವೆ ಸಂಪರ್ಕ ತಪ್ಪಿದರೆ ಹೊಸದಾಗಿ ಶುರು ಮಾಡುವ ಮೊದಲು ಹಳೆಯ ವ್ಯವಹಾರ ಸಂಖ್ಯೆಯಲ್ಲಿ ಸ್ಥಿತಿ ಕೇಳಬೇಕು, ಇಲ್ಲದಿದ್ದರೆ ಒಂದೇ ಪತ್ರಕ್ಕೆ ಎರಡು ಸಹಿ ಬೀಳುತ್ತದೆ.

ಕಾನೂನಿನ ಗಡಿಯನ್ನೂ ಹೇಳಬೇಕು. ಫೋನಿನಲ್ಲಿ “ಹೌದು, ಒಪ್ಪಿದೆ” ಎಂದದ್ದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಇಲೆಕ್ಟ್ರಾನಿಕ್ ಸಹಿ ಅಲ್ಲ, ಸಹಿಯ ಚಿತ್ರ ಸ್ಕ್ಯಾನ್ ಮಾಡಿ ಅಂಟಿಸಿದ್ದೂ ಅಲ್ಲ. ಉಯಿಲು, ಟ್ರಸ್ಟ್ ಪತ್ರಗಳಿಗೆ ಇ-ಸಹಿ ನಡೆಯುವುದಿಲ್ಲ. ಪ್ರಾಮಿಸರಿ ನೋಟಿಗೆ (ಪ್ರೊನೋಟು) 2022ರ ತಿದ್ದುಪಡಿಯಲ್ಲಿ ಅವಕಾಶ ಸಿಕ್ಕಿದ್ದು ರಿಸರ್ವ್ ಬ್ಯಾಂಕ್ ಮುಂತಾದ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಗಳ ಪರವಾಗಿ ಬರೆದ, ಕೇಳಿದಾಗ ಹಣ ಕೊಡುವೆನೆಂಬ ಡಿಮಾಂಡ್ ನೋಟುಗಳಿಗೆ. ಆ ನಿಯಂತ್ರಣದಲ್ಲಿಲ್ಲದ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು ಪ್ರೊನೋಟನ್ನು ಕಾಗದದಲ್ಲೇ ತೆಗೆದುಕೊಳ್ಳಬೇಕು. ತಂತ್ರಾಂಶ ಮಾರಲು ಬರುವವರು ಇದನ್ನು ತಾವಾಗಿ ಹೇಳುವುದಿಲ್ಲ.

ಎರಡೂ ಜಿಲ್ಲೆಗಳ ಸಹಕಾರ ಸಂಘಗಳ ಉಪನಿಬಂಧಕರು ಇಂಥ ತಂತ್ರಾಂಶ ಖರೀದಿಗೆ ಒಂದು ಪುಟದ ಪರೀಕ್ಷಾ ಪಟ್ಟಿಯನ್ನು ಸಂಘಗಳಿಗೆ ಕಳಿಸಿಕೊಡಬೇಕೆಂದು ಕೋರುತ್ತೇವೆ. ಅದು ಬರುವವರೆಗೆ ಆಡಳಿತ ಮಂಡಳಿಯವರು ಡೆಮೊ ದಿನ ಮೂರು ಕೆಲಸ ಮಾಡಲಿ. ಓದು ಅರ್ಧದಲ್ಲಿರುವಾಗ ಒಟಿಪಿ ತರಿಸಲು ನೋಡಲಿ. ಓದು ಮುಗಿದ ಮೇಲೆ ಬಡ್ಡಿ ತಿದ್ದಿ, ಮತ್ತೆ ಕೇಳಿಸದೆ ಸಹಿ ಹಾಕಿಸಲು ನೋಡಲಿ. ಧ್ವನಿ ತಯಾರಾಗುವ ನಡುವೆ ಇಂಟರ್‌ನೆಟ್ ತಂತಿ ಕಿತ್ತು, ಅರೆಬರೆ ಆಡಿಯೊ ಹೊರಬರುತ್ತದೆಯೇ ಎಂದು ನೋಡಲಿ. ಮೂರರಲ್ಲಿ ಒಂದಕ್ಕೆ ತಂತ್ರಾಂಶ ಬಾಗಿಲು ತೆರೆದರೂ ಅದನ್ನು ಸರಿಪಡಿಸಿ ತರುವವರೆಗೆ ಹಣ ಪಾವತಿ ಬೇಡ.

ಇತಿ,
ಸಹಕಾರಿ ಸಂಘಗಳ ತಂತ್ರಾಂಶ ಕೆಲಸದಲ್ಲಿರುವ ಕೆಲವರು,
ಉಡುಪಿ